ಅಕ್ಕನ ಹೆಸರಿಗೆ ಎರಡು ಸಾವಿರ ಪೆಸೊ

"ಈ ನಂಬರಿಗೆ ಎರಡು ಸಾವಿರ ಪೆಸೊ ಹಾಕಬೇಕಿತ್ತು."

ಹಣ ಕಳಿಸುವ ಅಂಗಡಿಯ ಕೌಂಟರಿನಲ್ಲಿ, ಗಾಜಿನ ಕೆಳಗಿನ ಸಂದಿಯಿಂದ ಒಳಗೆ ಬಂದ ಚೀಟಿಯನ್ನು ಎತ್ತಿಕೊಂಡ ಜೊವೆಲಿನ್‌ಳ ಕೈ ಅಲ್ಲೇ ನಿಂತಿತು.

ಆ ಹನ್ನೊಂದು ಅಂಕಿಗಳನ್ನು ಅವಳು ಓದಬೇಕಾಗಿಯೇ ಇರಲಿಲ್ಲ. ತೈವಾನಿನಲ್ಲಿ ಒಬ್ಬ ಮುದುಕಿಯ ಆರೈಕೆ ಮಾಡಿಕೊಂಡಿದ್ದಾಗ ಅದೇ ನಂಬರಿಗೆ ನೂರಾರು ಸಲ ಫೋನ್ ಮಾಡಿದ್ದಳು. ಮೊದಮೊದಲು ನಗುತ್ತಾ... ಕೊನೆಗೆ ಅಳುತ್ತಾ.

ನಂಬರಿನ ಕೆಳಗೆ ಹೆಸರು ಬರೆದಿತ್ತು. ಮರಿಫೆ ಲಗುರಾ.

ಅವಳ ಅಕ್ಕ!

ಜೊವೆಲಿನ್ ಮೆಲ್ಲಗೆ ತಲೆ ಎತ್ತಿದಳು. ಗಾಜಿನ ಆಚೆ ಎತ್ತರದ ವಿದೇಶೀಯನೊಬ್ಬ ನಿಂತಿದ್ದ. ಬಿಸಿಲಿಗೆ ಕೆಂಪೇರಿದ ಮುಖ, ಕತ್ತರಿಸದೆ ಬಿಟ್ಟ ಗಡ್ಡ, ನಿದ್ದೆಗೆಟ್ಟ ನೀಲಿ ಕಣ್ಣುಗಳು.

"ಸರ್... ಈ ಹೆಸರಿನವಳು ಸತ್ತು ಮೂರು ವರ್ಷ ಆಯ್ತು."

"ಗೊತ್ತು," ಅಂದ ಅವನು.

"ಗೊತ್ತಿದ್ದೂ ಕಳಿಸ್ತೀರಾ?"

"ಪ್ರತಿ ತಿಂಗಳೂ ಕಳಿಸ್ತೀನಿ. ಇವತ್ತು ಮನೇಲಿ ಇಂಟರ್ನೆಟ್ ಸತ್ತು ಬಿದ್ದಿದೆ. ಬೆಳಿಗ್ಗೆಯಿಂದ ಫೋನಲ್ಲಿ ಆ ಚಕ್ರ ಸುತ್ತುತ್ತಾನೇ ಇದೆ. ಅದಕ್ಕೇ ಇಲ್ಲಿಗೆ ಬರಬೇಕಾಯ್ತು."

ಸಾಲಿನ ಹಿಂದಿನಿಂದ ಒಬ್ಬ ಮೀನು ಮಾರುವವಳು ಕೂಗಿದಳು. "ಏನೇ ಹುಡುಗೀ, ಅಲ್ಲೇ ಮದುವೆ ಮಾತುಕತೆನಾ? ನನ್ನ ಮೀನು ಕೊಳೀತಾ ಇದೆ ಕಣೇ!"

ಎಲ್ಲರೂ ನಕ್ಕರು. ಜೊವೆಲಿನ್ ಮಾತ್ರ ಅವನನ್ನೇ ದಿಟ್ಟಿಸುತ್ತಿದ್ದಳು. ಗಡ್ಡದ ಹಿಂದಿನ ಮುಖದ ಗುರುತು ಈಗ ಹತ್ತಿತ್ತು. ಅಕ್ಕ ಕಳಿಸುತ್ತಿದ್ದ ಫೋಟೊಗಳಲ್ಲಿ ಇದ್ದವನು ಇವನೇ. ಆರ್ವಿಡ್! ನಾರ್ವೆ ದೇಶದವನು. ಮರಿಫೆ ಮದುವೆಯಾಗಬೇಕಿದ್ದವನು.

ಮೂರು ವರ್ಷದ ಹಿಂದೆ, ಕ್ರಿಸ್‌ಮಸ್‌ಗೆ ಹತ್ತು ದಿನ ಮೊದಲು, ಆಚೆ ದಡದ ದುಮಗೆತೆ ಪಟ್ಟಣದಲ್ಲಿದ್ದ ಇವನನ್ನು ನೋಡಲೆಂದು ಅಕ್ಕ ಮೋಟಾರು ದೋಣಿ ಹತ್ತಿದ್ದಳು. ನಡು ನೀರಿನಲ್ಲಿ ದೋಣಿ ಮಗುಚಿತ್ತು. ಏಳು ಜನರ ದೇಹ ಸಿಕ್ಕಿತು. ಮರಿಫೆಯದು ಸಿಗಲೇ ಇಲ್ಲ.

'ನೀನು ಕರೆದಿದ್ದಕ್ಕೇ ಅವಳು ಹೋದಳು. ನೀನೇ ಕೊಂದೆ.' ಜೊವೆಲಿನ್ ತೈವಾನಿನಿಂದ ಇವನಿಗೆ ಹೀಗೆ ಬರೆದಿದ್ದಳು. ಉತ್ತರ ಬಂದಿರಲಿಲ್ಲ. ಕೆಲಸದ ಕರಾರು ಮುಗಿಸಿ ತನ್ನ ದ್ವೀಪ ಸಿಕಿಹೋರಿಗೆ ವಾಪಸು ಬಂದು ಮೂರು ತಿಂಗಳಾದರೂ ಆ ದ್ವೇಷ ಹಾಗೇ ಉಳಿದಿತ್ತು.

ಈಗ ಅವನೇ ಎದುರಿಗೆ!

"ನಾನು ಮರಿಫೆಯ ತಂಗಿ," ಅಂದಳು. "ಈ ದುಡ್ಡು ಕೇಳಿದ್ದು ಯಾರು? ತೋರಿಸಿ."

ಅವನ ಮುಖದಿಂದ ಬಣ್ಣ ಇಳಿದುಹೋಯಿತು. ಫೋನನ್ನು ಗಾಜಿಗೆ ಹಿಡಿದ.

ಅಕ್ಕನ ನಗುವ ಫೋಟೊ. ಅದರ ಪಕ್ಕದಲ್ಲಿ ನಿನ್ನೆಯ ತಾರೀಖಿನ ಮೆಸೇಜು... 'ಈ ತಿಂಗಳೂ ಎರಡು ಸಾವಿರ ಬೇಕಿತ್ತು. ಊಟ ಆಯ್ತಾ? ಬಿಸಿಲಲ್ಲಿ ತಿರುಗಬೇಡ. ತಲೆ ಮೇಲೆ ಒದ್ದೆ ಬಟ್ಟೆ ಹಾಕ್ಕೋ.'

"ಇದು ಅವಳು ಬರೆದದ್ದಲ್ಲ ಅಂತ ಮೊದಲ ದಿನವೇ ಗೊತ್ತಾಯ್ತು," ಅಂದ ಆರ್ವಿಡ್.

"ಮತ್ತೆ ಯಾಕೆ..."

"ಮೆಸೇಜ್ ಬಂದಾಗ ಅವಳ ಫೋಟೊ ಪಕ್ಕ ಒಂದು ಹಸಿರು ಚುಕ್ಕಿ ಹೊತ್ಕೊಳ್ಳುತ್ತೆ. ಎರಡೇ ನಿಮಿಷ. ಆ ಕಡೆ ಅವಳಿದ್ದಾಳೆ ಅನ್ನಿಸುತ್ತೆ... ಅಷ್ಟಕ್ಕೇ."

ಜೊವೆಲಿನ್ ಗಾಜಿಗೆ ಇನ್ನಷ್ಟು ಹತ್ತಿರ ಬಾಗಿದಳು. ಅವಳ ಕಣ್ಣು ಆ ಕೊನೆಯ ಸಾಲಿನಲ್ಲೇ ನೆಟ್ಟಿತ್ತು. ತಲೆ ಮೇಲೆ ಒದ್ದೆ ಬಟ್ಟೆ... ಈ ಮಾತು ಹೇಳುವವರು ಅವಳಿಗೆ ಗೊತ್ತಿದ್ದಂತೆ ಈ ಲೋಕದಲ್ಲಿ ಒಬ್ಬರೇ.

ಚೀಟಿಯನ್ನು ವಾಪಸು ತಳ್ಳಿದಳು. "ಇವತ್ತು ಕಳಿಸಬೇಡಿ. ದಯವಿಟ್ಟು."

* * *

ಅಮ್ಮ ಫೆಲಿಸಾ ಒಲೆಯ ಮುಂದೆ ಒಣಮೀನು ಕರಿಯುತ್ತಿದ್ದಳು. ಮೇಜಿನ ಮೇಲೆ ಮೂರು ತಟ್ಟೆಗಳಿದ್ದವು. ಮನೆಯಲ್ಲಿದ್ದವರು ಇಬ್ಬರೇ, ತಟ್ಟೆ ಮಾತ್ರ ಯಾವಾಗಲೂ ಮೂರು.

"ಅಮ್ಮಾ, ಅಕ್ಕನ ಫೋನ್ ಎಲ್ಲಿದೆ?"

ಎಣ್ಣೆ ಚಟಪಟ ಅನ್ನುತ್ತಿತ್ತು. ಅಮ್ಮ ಮೀನನ್ನು ಮಗುಚಿ ಹಾಕಿದಳು.

"ಅವಳ ಜೊತೆ ಸಮುದ್ರಕ್ಕೆ ಹೋಯ್ತು ಅಂದಿದ್ದೆಯಲ್ಲ... ಸುಳ್ಳಾ?"

ಅಮ್ಮ ಒಲೆ ಆರಿಸಿದಳು. ಅಕ್ಕಿ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ್ದ ಫೋನನ್ನು ಹೊರತೆಗೆದಳು.

"ಅವತ್ತು ಬೆಳಗಿನ ಜಾವ ಐದಕ್ಕೇ, ಚಾರ್ಜಿಗೆ ಹಾಕಿದ್ದನ್ನ ಮರೆತು ಹೋಗಿದ್ಲು. ಇದನ್ನ ಯಾರಿಗಾದ್ರೂ ಕೊಟ್ಟುಬಿಟ್ರೆ... ಅವಳು ಹೋದಳು ಅಂತ ನಾನೇ ಒಪ್ಪಿಕೊಂಡಂಗೆ ಆಗ್ತಿತ್ತು ಕಣೇ."

"ದುಡ್ಡು ಯಾಕಮ್ಮಾ? ಆ ದುಡ್ಡು ಏನು ಮಾಡ್ತಿದ್ದೆ?"

"ದೋಣಿಯವರಿಗೆ. ಒಬ್ಬ ಬೊಹೊಲ್ ದ್ವೀಪದಲ್ಲಿ ಅವಳಂಥೋಳನ್ನ ಕಂಡೆ ಅಂದ. ಇನ್ನೊಬ್ಬ ಯಾವುದೋ ಸಣ್ಣ ದ್ವೀಪದಲ್ಲಿ ನೆನಪು ಕಳಕೊಂಡ ಹುಡುಗಿ ಇದಾಳೆ ಅಂದ. ಹೋಗಿ ಹುಡುಕಬೇಡ್ವಾ? ದೇಹಾನೇ ನೋಡದೆ ಹೆತ್ತವಳು ಹೇಗೆ ನಂಬಲಿ?"

"ನನ್ನ ಕೇಳಬಹುದಿತ್ತಲ್ಲ!"

"ಕೇಳಿದ್ರೆ ನೀನು ಬುದ್ಧಿ ಹೇಳ್ತಿದ್ದೆ. ಅವನು ಏನೂ ಕೇಳದೆ ಕೊಡ್ತಿದ್ದ."

ಜೊವೆಲಿನ್ ಕೋಪದಲ್ಲೇ ಫೋನ್ ತೆರೆದು, ಹಳೆಯ ಮಾತುಗಳತ್ತ ಹಿಂದೆ ಹಿಂದೆ ಸರಿಸಿದಳು. ಆ ಡಿಸೆಂಬರ್ ಬಂತು. ಆ ಬೆಳಗಿನ ಮೆಸೇಜೂ ಬಂತು.

'ಬರಬೇಡ ಮರಿಫೆ. ಸಮುದ್ರ ಸರಿಯಿಲ್ಲ. ನಿನ್ನೆ ಕೂಗಾಡಿದ್ದು ನನ್ನ ತಪ್ಪು. ನಾನೇ ಬರುತ್ತೇನೆ. ದೋಣಿ ಹತ್ತಬೇಡ, ದಯವಿಟ್ಟು...'

ಬರೆದದ್ದು ಬೆಳಿಗ್ಗೆ ಐದೂವರೆಗೆ. ತಲುಪಿದ್ದು ನಾಲ್ಕು ದಿನ ಆದಮೇಲೆ, ಬಿರುಗಾಳಿಗೆ ಬಿದ್ದ ಇಂಟರ್ನೆಟ್ ಎದ್ದ ದಿನ.

ಅವನು ಕರೆದಿರಲಿಲ್ಲ... ಬೇಡ ಅಂದಿದ್ದ!

"ಅಮ್ಮಾ... ಇದನ್ನ ನೀನು ನೋಡಿದ್ಯಾ?"

"ನೋಡಿದ್ದೆ."

"ಮೂರು ವರ್ಷ ನಾನು ಅವನನ್ನ ಕೊಲೆಗಾರ ಅಂತಿದ್ದೆ! ನೀನು ಕೇಳಿಸಿಕೊಂಡು ಸುಮ್ಮನಿದ್ದೆ!"

"ಯಾರನ್ನಾದ್ರೂ ದ್ವೇಷಿಸಬೇಕಿತ್ತಲ್ಲ ಮಗಳೇ," ಅಂದಳು ಅಮ್ಮ. "ಸಮುದ್ರಾನ ದ್ವೇಷಿಸೋಣ ಅಂದ್ರೆ... ನಾವು ಬದುಕೋದೇ ಅದರ ದಡದಲ್ಲಿ."

* * *

ಭಾನುವಾರ ಮಧ್ಯಾಹ್ನ ಜೊವೆಲಿನ್ ಬೆರ್ತಿಂಗ್‌ನ ಮೂರು ಚಕ್ರದ ಗಾಡಿ ಹತ್ತಿದಳು.

"ಆ ಜೋ ಮನೆಗಾ?" ಬೆರ್ತಿಂಗ್ ಹಲ್ಲು ಕಿರಿದ. ಅವನಿಗೆ ಬಿಳಿಯರೆಲ್ಲ ಜೋ. "ಹಾಗೇ ನನ್ನ ಟೈರ್ ಸವೆದಿದೆ ಅಂತ ಒಂದು ಮಾತು ಹಾಕು. ಅವನ ಬಾಯಲ್ಲಿ ಇಲ್ಲ ಅನ್ನೋದೇ ಬರಲ್ಲ. ನಮ್ಮ ಭಾವನ ಮನೆ ತಗಡು, ಮಗು ನಾಮಕರಣದ ಊಟಕ್ಕೆ ಹಂದಿ, ಎಲ್ಲ ಅವನದ್ದೇ!"

ಜೊವೆಲಿನ್ ನಗಲಿಲ್ಲ. ತೈವಾನಿನಲ್ಲಿ ಅವಳ ಫೋನಿಗೂ ಹೀಗೇ ಬೇಡಿಕೆಗಳು ಬರುತ್ತಿದ್ದವು. ಸೋದರಮಾವನ ಹಲ್ಲುನೋವು, ಗೆಳತಿಯ ಮಗನ ಶಾಲೆ ಬ್ಯಾಗು, ಹೆಸರೇ ಮರೆತವರ ಸಾವು. ಎಲ್ಲರೂ ಮೊದಲು ಕೇಳುವುದು 'ಹೇಗಿದ್ದೀಯಾ'. ಆ ಪ್ರಶ್ನೆಗೆ ಹೆದರುವುದನ್ನು ಅವಳೂ ಕಲಿತಿದ್ದಳು.

ಸಮುದ್ರಕ್ಕೆ ಮುಖ ಮಾಡಿದ ಪುಟ್ಟ ಮನೆ. ಮರಿಫೆ ಹೋದಮೇಲೆ ಅವನು ದುಮಗೆತೆ ಬಿಟ್ಟು ಇಲ್ಲಿಗೇ ಬಂದು ನೆಲೆಸಿದ್ದ. ಆರ್ವಿಡ್ ನೀರಿನ ತೊಟ್ಟಿಯ ಮೇಲೆ ಹತ್ತಿ, ಸಿಗ್ನಲ್ಲಿಗಾಗಿ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಂತಿದ್ದ. ಹಡಗುಗಳ ಕೈಪಿಡಿಗಳನ್ನು ಅನುವಾದಿಸಿ ತನ್ನ ದೇಶಕ್ಕೆ ಕಳಿಸುವುದು ಅವನ ಕೆಲಸ. ಅದಕ್ಕೆ ದಿನಕ್ಕೆರಡು ಸಲ ಈ ಸರ್ಕಸ್ಸು.

ಅವಳನ್ನು ಕಂಡು ಇಳಿದು ಬಂದ. ಅವಳು, "ನಿಮಗೆ ಮೆಸೇಜ್ ಕಳಿಸ್ತಿದ್ದದ್ದು ನಮ್ಮಮ್ಮ," ಅಂದು ಅಕ್ಕನ ಫೋನನ್ನು ಅವನ ಕೈಗಿಟ್ಟಳು.

ಆ ಬೆಳಗಿನ ತನ್ನದೇ ಮೆಸೇಜನ್ನು ಅವನು ಓದಿದ.

"ಇಂಟರ್ನೆಟ್ ಇದ್ದಿದ್ರೆ ಅವಳು ಇದನ್ನ ನೋಡ್ತಿದ್ಲು... ಮೂರು ವರ್ಷದಿಂದ ದಿನಾ ಇದೇ ಯೋಚನೆ. ಗುಡ್ಡ ಹತ್ತಿ ಕಳಿಸಬಹುದಿತ್ತು. ಬೇರೆಯವರ ಫೋನಿಂದ ಮಾಡಬಹುದಿತ್ತು..."

"ನೋಡ್ತಿರಲಿಲ್ಲ ಸರ್. ಫೋನ್ ಮನೆಯಲ್ಲೇ ಇತ್ತು. ನೀವು ಏನೇ ಮಾಡಿದ್ರೂ ಅವಳಿಗೆ ತಲುಪ್ತಿರಲಿಲ್ಲ."

ಅಷ್ಟು ಎತ್ತರದ ಮನುಷ್ಯ ಮೆಟ್ಟಿಲ ಮೇಲೆ ಕುಸಿದು ಕೂತ. ಮುಖ ಮುಚ್ಚಿಕೊಂಡು ಅತ್ತ. ಜೊವೆಲಿನ್ ಸ್ವಲ್ಪ ದೂರದಲ್ಲಿ ಕೂತು ಕಾದಳು.

"ಹಿಂದಿನ ದಿನ ಜಗಳ ಆಗಿತ್ತು," ಅಂದ ಕೊನೆಗೆ. "ನಿಮ್ಮ ಮಾವ ದುಡ್ಡು ಕೇಳಿದ್ರು. 'ನಾನೇನು ಬ್ಯಾಂಕಾ?' ಅಂತ ಅವಳ ಮೇಲೆ ರೇಗಿದೆ. ಅವಳು ಅತ್ತು, 'ನಾಳೆ ಬಂದು ಮಾತಾಡ್ತೀನಿ' ಅಂದ್ಲು. ಆಮೇಲಿಂದ ಯಾರು ಏನು ಕೇಳಿದ್ರೂ ಕೊಡ್ತೀನಿ. ನಿಮ್ಮಮ್ಮನ ಎದುರು ನಿಲ್ಲೋ ಧೈರ್ಯ ಮಾತ್ರ ಬರಲಿಲ್ಲ."

"ಇದು ದಾನ ಅಲ್ಲ ಸರ್. ನೀವು ಜೈಲಲ್ಲಿದ್ದೀರಿ."

ಅವನು ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದ.

"ನಾನು ಅಷ್ಟು ಕೆಟ್ಟದಾಗಿ ಬರೆದಿದ್ದೆ... ಒಂದು ಉತ್ತರ ಕೊಡಬಾರದಿತ್ತಾ?"

"ಏನಂತ ಕೊಡಲಿ? ನೀನು ಬರೆದದ್ದು ಸರಿ ಅಂತಲೇ ನನಗನ್ನಿಸಿತ್ತು."

* * *

ಮಾರನೆಯ ವಾರ ಅವನು ಮನೆಗೆ ಬಂದ. ಊರಿನವರು ಹಿರಿಯರಿಗೆ ಮಾಡುವಂತೆ ಬಾಗಿ ಫೆಲಿಸಾಳ ಕೈ ಹಿಡಿದು ಹಣೆಗೆ ಮುಟ್ಟಿಸಿಕೊಂಡ. ಮುದುಕಿ ಅವನ ಕೆನ್ನೆ ಸವರಿ, "ಎಷ್ಟು ಸೊರಗಿದ್ದೀಯಾ... ನನ್ನ ಕ್ಷಮಿಸು ಮಗಾ," ಅಂದಳು. ಮೂರನೆಯ ತಟ್ಟೆಯಲ್ಲಿ ಅಂದು ಅವನಿಗೆ ಅನ್ನ ಬಡಿಸಿದಳು.

ನವೆಂಬರ್ ಒಂದನೇ ತಾರೀಖು, ಸತ್ತವರನ್ನು ನೆನೆಯುವ ದಿನ, ಊರಿಗೆ ಊರೇ ಹೂವು, ಮೇಣದಬತ್ತಿ ಹಿಡಿದು ಸ್ಮಶಾನಕ್ಕೆ ಹೋಯಿತು. ಇವರಿಗೆ ಹೋಗಲು ಸಮಾಧಿ ಇರಲಿಲ್ಲ. ಸಂಜೆ ಮೂವರೂ ದಡಕ್ಕೆ ಹೋದರು. ಫೆಲಿಸಾ ಬಹಳ ಹೊತ್ತು ನೀರನ್ನೇ ನೋಡುತ್ತಿದ್ದು, ಮಗಳ ಹೆಸರಿಗೆ ಮೊದಲ ಸಲ ಬತ್ತಿ ಹಚ್ಚಿದಳು.

ಅಂದಿನಿಂದ ಆರ್ವಿಡ್ ದಿನಾ ಏನಾದರೊಂದು ನೆಪ ಹುಡುಕಿ ಬರತೊಡಗಿದ. ಜೊವೆಲಿನ್ ಅವನಿಗೆ ಇಲ್ಲ ಅನ್ನುವುದನ್ನು ಕಲಿಸಿದಳು. ನಗುತ್ತಾ, ಕೇಳಿದವರ ಮನಸ್ಸು ನೋಯದ ಹಾಗೆ. ಮೊದಲ ಪರೀಕ್ಷೆ ಬೆರ್ತಿಂಗ್‌ನ ಟೈರು.

"ಆಗಲ್ಲ ಮಾರಾಯಾ. ಈ ತಿಂಗಳು ನಾನೇ ನಿನ್ನ ಹತ್ರ ಕೇಳಬೇಕು!"

ಬೆರ್ತಿಂಗ್ ಹೊಟ್ಟೆ ಹಿಡಿದು ನಕ್ಕ. "ಅಬ್ಬಾ! ಜೋ ಈಗ ನಮ್ಮೂರಿನವನಾದ!"

ಜೊವೆಲಿನ್ ಕೂಡ ನಕ್ಕಳು. ಎಷ್ಟೋ ವರ್ಷದ ನಂತರ ಹಾಗೆ ನಕ್ಕಿದ್ದಳು. ನಗು ಮುಗಿದಾಗ ಆರ್ವಿಡ್ ತನ್ನನ್ನೇ ನೋಡುತ್ತಿದ್ದುದು ಕಂಡು ಮುಖ ತಿರುಗಿಸಿದಳು.

'ಅವನು ನೋಡುತ್ತಿರುವುದು ನನ್ನನ್ನಾ... ಅಥವಾ ನನ್ನ ಮುಖದಲ್ಲಿರುವ ಅವಳನ್ನಾ?'

ಅಂದು ಕನ್ನಡಿಯ ಮುಂದೆ ನಿಂತಾಗ ಅಕ್ಕನ ತುಟಿ, ಅಕ್ಕನ ಗಲ್ಲ ಕಂಡಿತು. ಕನ್ನಡಿಗೆ ಟವೆಲ್ ಹಾಕಿ ಮುಚ್ಚಿದಳು.

ನವೆಂಬರ್ ಕೊನೆಯ ಒಂದು ಸಂಜೆ ಅವನಿಗೆಂದು ಮೀನಿನ ಸಾರು ಹಿಡಿದು ಹೊರಟಳು. ಅವನು ನೀರಿನಂಚಿನಲ್ಲಿ ಒಬ್ಬನೇ ನಿಂತು, ಊರಿನ ಬಿಸಾಯ ಭಾಷೆಯಲ್ಲಿ ಹರುಕುಮುರುಕಾಗಿ ಮಾತಾಡುತ್ತಿದ್ದ. ಎದುರಿಗೆ ಯಾರೂ ಇರಲಿಲ್ಲ.

"ಮರಿಫೆ... ನಿನ್ನ ಬಿಟ್ಟು ನನಗೆ ಬೇರೆ ಯಾರ ಹತ್ರಾನೂ..."

ಉಳಿದದ್ದನ್ನು ಗಾಳಿ ಎತ್ತಿಕೊಂಡು ಹೋಯಿತು.

ಜೊವೆಲಿನ್ ಸದ್ದಿಲ್ಲದೆ ಹಿಂದಕ್ಕೆ ತಿರುಗಿದಳು. ದಾರಿಯುದ್ದಕ್ಕೂ ಕೈಯಲ್ಲಿನ ಸಾರು ತುಳುಕುತ್ತಿತ್ತು... ಕಣ್ಣೂ.

'ಸತ್ತವಳ ಜೊತೆ ನಾನು ಹೇಗೆ ಪೈಪೋಟಿ ಮಾಡಲಿ? ಅವಳು ಮುದುಕಿಯಾಗುವುದಿಲ್ಲ, ಕೋಪ ಮಾಡಿಕೊಳ್ಳುವುದಿಲ್ಲ. ಅದೂ ಅವಳು ನನ್ನ ಅಕ್ಕ...'

ಮರುದಿನವೇ ಏಜೆಂಟನಿಗೆ ಫೋನ್ ಮಾಡಿದಳು. ತೈವಾನಿನಲ್ಲಿ ಒಂದು ಕೆಲಸ ಖಾಲಿ ಇತ್ತು. ಆರ್ವಿಡ್ ಕೌಂಟರಿಗೆ ಬಂದಾಗ ಅವನ ಮುಖ ನೋಡದೆ, "ಮುಂದಿನವರು ಬನ್ನಿ," ಅಂದಳು. ಅವನು ಎರಡು ದಿನ ಬಂದ. ಮೂರನೆಯ ದಿನ ಬರಲಿಲ್ಲ.

* * *

ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಾಗ ಅಮ್ಮ ಬಾಗಿಲಿಗೆ ಒರಗಿ ನಿಂತಳು.

"ಯಾಕೆ ಓಡಿ ಹೋಗ್ತಿದ್ದೀಯಾ?"

"ಅವನಿಗೆ ಇನ್ನೂ ಅಕ್ಕನೇ ಬೇಕು ಅಮ್ಮಾ. ಸಮುದ್ರದ ಹತ್ರ ನಿಂತು ಅವಳ ಜೊತೆ ಮಾತಾಡ್ತಾನೆ. ನಾನೇ ಕೇಳಿದೆ."

"ಪೂರ್ತಿ ಕೇಳಿದ್ಯಾ?"

ಜೊವೆಲಿನ್ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

"ನಾನು ಪೂರ್ತಿ ಕೇಳಿದೆ. ಅವತ್ತು ಬಂಡೆ ಹಿಂದೆ ಬತ್ತಿ ಹಚ್ಚಿಕೊಂಡು ಕೂತಿದ್ದೆ. 'ಮರಿಫೆ, ನಿನ್ನ ಬಿಟ್ಟು ನನಗೆ ಬೇರೆ ಯಾರ ಹತ್ರಾನೂ ಇದನ್ನ ಹೇಳೋ ಧೈರ್ಯ ಇಲ್ಲ. ನಿನ್ನ ತಂಗೀನ ಪ್ರೀತಿಸ್ತಿದ್ದೀನಿ. ಬೈಯೋದಿದ್ರೆ ಈಗ್ಲೇ ಬೈದುಬಿಡು' ಅಂದ. ಹಾಗಂದು ಎಷ್ಟೋ ಹೊತ್ತು ಕಾದ, ಪಾಪ."

"ಅಮ್ಮಾ...!"

"ಒಂದ್ಸಲ ಕಂಡಿದ್ದನ್ನ ಮುಚ್ಚಿಟ್ಟು ಮೂರು ವರ್ಷ ಹಾಳು ಮಾಡಿದೆ. ಇನ್ನೊಂದ್ಸಲ ಆ ಪಾಪ ನನಗೆ ಬೇಡ. ಹೋಗು."

ಜೊವೆಲಿನ್ ಬರಿಗಾಲಲ್ಲೇ ಓಡಿದಳು.

ಅವನು ಮನೆಯಲ್ಲಿರಲಿಲ್ಲ. ದಡದಲ್ಲಿ, ಇಳಿಬಿಸಿಲಿನಲ್ಲಿ, ಮರಳ ಮೇಲೆ ಕೂತಿದ್ದ. ಅವಳನ್ನು ಕಂಡು ಗಾಬರಿಯಿಂದ ಎದ್ದ.

"ಏನಾಯ್ತು? ಅಮ್ಮ ಹುಷಾರಾಗಿದ್ದಾರಾ?"

"ಅವಳು ಏನಂದ್ಲು?" ಏದುಸಿರಿನಲ್ಲೇ ಕೇಳಿದಳು.

"ಯಾರು?"

"ಅಕ್ಕ. ಬೈಯೋದಿದ್ರೆ ಬೈದುಬಿಡು ಅಂದ್ರಂತಲ್ಲ."

ಆರ್ವಿಡ್‌ನ ಕಿವಿಯವರೆಗೂ ಕೆಂಪೇರಿತು. "ಏನೂ ಅನ್ನಲಿಲ್ಲ. ಒಂದು ದೊಡ್ಡ ಅಲೆ ಬಂದು ನನ್ನ ಒಂದು ಚಪ್ಪಲಿ ಎಳ್ಕೊಂಡು ಹೋಯ್ತು."

ಜೊವೆಲಿನ್‌ಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಹಾಗಾದ್ರೆ ಒಪ್ಪಿದ್ದಾಳೆ. ಕೋಪ ಬಂದಿದ್ರೆ ಎರಡನ್ನೂ ಒಯ್ತಿದ್ಲು."

ಆಮೇಲೆ ತಲೆ ತಗ್ಗಿಸಿ ಕೇಳಿದಳು. "ನಿಜ ಹೇಳಿ... ನನ್ನ ಮುಖದಲ್ಲಿ ಅವಳು ಕಾಣ್ತಾಳಾ?"

ಅವನು ತಕ್ಷಣ ಉತ್ತರಿಸಲಿಲ್ಲ. ಅದೇ ಅವಳಿಗೆ ಹಿಡಿಸಿತು.

"ಕೆಲವೊಮ್ಮೆ. ನೀನು ನಕ್ಕಾಗ. ಆದರೆ ಜೊವೆಲಿನ್, ನನಗೆ ಎದುರು ನಿಂತು 'ನೀವು ಜೈಲಲ್ಲಿದ್ದೀರಿ' ಅಂದವಳು ನೀನೊಬ್ಬಳೇ. ನಾನು ಪ್ರೀತಿಸಿದ್ದು ಹಾಗಂದ ನಿನ್ನನ್ನ."

"ಅಕ್ಕ ನಮ್ಮಿಬ್ಬರ ನಡುವೆ ಇದ್ದೇ ಇರ್ತಾಳೆ."

"ನಿನಗೆ ಕಷ್ಟ ಆಗುತ್ತಾ?"

"ಆಗುತ್ತೆ... ಆದ್ರೆ ಒಡಹುಟ್ಟಿದವಳನ್ನ ಹೊರಗೆ ನಡಿ ಅನ್ನೋಕಾಗುತ್ತಾ?"

ಅವನು ಕೈ ಚಾಚಿದ. ಅವಳು ಹಿಡಿದಳು. ಇಬ್ಬರೂ ಮನೆಯ ಕಡೆ ನಡೆಯತೊಡಗಿದರು. ನೀರು ಮರಳನ್ನು ಸವರಿ ಸವರಿ ಹಿಂದೆ ಸರಿಯುತ್ತಿತ್ತು. ಸ್ವಲ್ಪ ದೂರ ಹೋದಮೇಲೆ, ಬೆನ್ನ ಹಿಂದೆ ಒದ್ದೆ ಮರಳಿನ ಮೇಲೆ ಇನ್ನೊಂದು ಹೆಜ್ಜೆಯ ಸದ್ದು ಕೇಳಿದಂತಾಯಿತು...

ಜೊವೆಲಿನ್ ತಿರುಗಿ ನೋಡಲಿಲ್ಲ. ನಡಿಗೆ ನಿಧಾನ ಮಾಡಿದಳು.

"ಯಾಕೆ, ಸುಸ್ತಾಯ್ತಾ?" ಅಂದ ಆರ್ವಿಡ್.

"ಇಲ್ಲ... ಅವಳೂ ಬರಲಿ ಅಂತ."

ಅವನೂ ಹೆಜ್ಜೆ ನಿಧಾನ ಮಾಡಿದ.