ಚಾಲಕರೇ, ನಿಮಗೆ ನಿದ್ದೆ ಬರುತ್ತಿದೆ

ಹೊರಗಿನ ಎರಡು ಕನ್ನಡಿ ಒರೆಸಿದ್ದಾಯಿತು. ನಾಲ್ಕೂ ಟೈರಿಗೆ ಒಂದೊಂದು ಒದೆ ಕೊಟ್ಟು ನೋಡಿದ್ದಾಯಿತು. ಅಮ್ಮ ಈಗ ಡ್ರೈವರ್ ಸೀಟಿನಲ್ಲಿ ಕೂತು, ವ್ಯಾನ್ ಸ್ಟಾರ್ಟ್ ಮಾಡಿ, ಒಳಗಿನ ಕನ್ನಡಿಯನ್ನು ಹಳೇ ಬನಿಯನ್ನಿನ ತುಂಡಿನಿಂದ ತಿಕ್ಕುತ್ತಿದ್ದಳು.

ಹಿಂದಿನ ಸೀಟಿನಿಂದ ಚಿನಕುರಳಿ ಕತ್ತು ಚಾಚಿದಳು. ಅವಳಿಗೆ ಆ ಹೆಸರಿಟ್ಟಿದ್ದು ಅಜ್ಜ. ಬಾಯಿಗೆ ಬಿಡುವೇ ಕೊಡದವಳಿಗೆ ಬೇರೆ ಯಾವ ಹೆಸರೂ ಹೊಂದುವುದಿಲ್ಲ ಎಂಬುದು ಅವರ ವಾದ.

“ಅಮ್ಮಾ, ಶನಿವಾರ ನಮ್ಮ ಸೈನ್ಸ್ ಟೀಚರ್ ಕನ್ನಡಕ ಕಳೆದುಹೋಯ್ತು. ಇಡೀ ಕ್ಲಾಸು ಹುಡುಕ್ತು. ಎಲ್ಲಿತ್ತು ಹೇಳು?”

“ತಲೆ ಮೇಲೆ?”

“ಅಲ್ಲ. ಲ್ಯಾಬಲ್ಲಿ ಅಸ್ಥಿಪಂಜರ ಇದ್ಯಲ್ಲ, ಅದರ ಮುಖದ ಮೇಲೆ! ಅದಕ್ಕೆ ಟೀಚರ್‌ಗಿಂತ ಚೆನ್ನಾಗಿ ಒಪ್ತಿತ್ತು.”

ಅಮ್ಮ ನಕ್ಕಳು. ಅಮ್ಮನ ನಗು ಅಂದರೆ ಬಾಯಿಗೆ ಮಾತ್ರ ಸೇರಿದ್ದಲ್ಲ. ಕೆನ್ನೆ ಮೇಲೇರುತ್ತದೆ, ಭುಜ ಕುಣಿಯುತ್ತದೆ, ಕಣ್ಣು ಮಾತ್ರ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

ಟೀಂ ಟೀಂ ಟೀಂ!

“ಚಾಲಕರೇ, ನಿಮಗೆ ನಿದ್ದೆ ಬರುತ್ತಿದೆ. ದಯವಿಟ್ಟು ವಾಹನ ನಿಲ್ಲಿಸಿ. ಮುಖ ತೊಳೆದುಕೊಳ್ಳಿ.”

“ವ್ಯಾನು ಇನ್ನೂ ಮನೆ ಮುಂದೇನೇ ನಿಂತಿದೆ ಮಹಾರಾಯ,” ಎಂದು ಅಮ್ಮ ಕಣ್ಣೊರೆಸಿಕೊಂಡಳು.

ಮಾತಾಡಿದ್ದು ಸ್ಟೇರಿಂಗಿನ ಮುಂದೆ ಅಂಟಿಸಿದ್ದ ಒಂದು ಮೆಷಿನ್ನು. ನೋಡಲು ಬೆಂಕಿಪೊಟ್ಟಣದಷ್ಟು. ಅದಕ್ಕೊಂದು ಕಪ್ಪು ಕಣ್ಣು. ಶಾಲೆಯ ವ್ಯಾನ್ ಓಡಿಸುವವರೆಲ್ಲ ಇದನ್ನು ಹಾಕಿಸಲೇಬೇಕೆಂದು ಹೋದ ತಿಂಗಳು ಹೊಸ ನಿಯಮ ಬಂದಿತ್ತು. ಡ್ರೈವರ್ ಕಣ್ಣು ಎರಡು ಸೆಕೆಂಡು ಮುಚ್ಚಿದರೆ ಸಾಕು, ಅದು ಕೂಗುತ್ತದೆ. ಕೂಗಿದ್ದನ್ನೆಲ್ಲ ಎಣಿಸಿ ಸಾರಿಗೆ ಕಚೇರಿಗೆ ಚಾಡಿಯನ್ನೂ ಹೇಳುತ್ತದೆ.

ಅದಕ್ಕೆ ನಿದ್ದೆ ಗೊತ್ತು. ನಗು ಗೊತ್ತಿಲ್ಲ.

ಆ ದಿನ ಸಂಜೆಯೇ ಕಚೇರಿಯಿಂದ ಕಾಗದ ಬಂತು. ಅಮ್ಮ ಅದನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟಳು. ಅಜ್ಜ ಎತ್ತಿಕೊಂಡು ಗಟ್ಟಿಯಾಗಿ ಓದಿದರು.

“ಕಳೆದ ವಾರ ಸದರಿ ಚಾಲಕರು ಮೂವತ್ತೊಂದು ಬಾರಿ ನಿದ್ದೆ ಮಾಡಿರುತ್ತಾರೆ. ಈ ವಾರ ಹತ್ತು ಬಾರಿಗಿಂತ ಹೆಚ್ಚಾದಲ್ಲಿ ಶಾಲಾ ವಾಹನ ಓಡಿಸುವ ಅನುಮತಿಯನ್ನು ಹಿಂಪಡೆಯಲಾಗುವುದು. ಶುಕ್ರವಾರ ನಮ್ಮ ಅಧಿಕಾರಿ ವಾಹನದಲ್ಲಿ ಕುಳಿತು ಪರಿಶೀಲಿಸುವರು.”

“ಹಿಂಪಡೆಯೋದು ಅಂದ್ರೆ?” ಚಿನಕುರಳಿ ಕೇಳಿದಳು.

“ವ್ಯಾನ್ ಓಡಿಸೋ ಹಾಗಿಲ್ಲ ಅಂತ,” ಎಂದಳು ಅಮ್ಮ. ಈ ಸಲ ಅವಳ ಕಣ್ಣು ದೊಡ್ಡದಾಗಿಯೇ ತೆರೆದಿತ್ತು.

ಅಜ್ಜನಿಗೆ ಸಿಟ್ಟು ನೆತ್ತಿಗೇರಿತು. ಅವರು ಮೂವತ್ತು ವರ್ಷ ಬಸ್ಸು ಓಡಿಸಿದವರು. “ಮೆಷಿನ್ನಂತೆ ಮೆಷಿನ್ನು! ನಮ್ಮ ಕಾಲದಲ್ಲಿ ಕಂಡಕ್ಟರೇ ಮೆಷಿನ್ನು. ನಾನು ಚೂರು ತೂಕಡಿಸಿದ್ರೆ ಹಿಂದಿನಿಂದ ಬೆನ್ನಿಗೆ ಒಂದು ಬಿಡ್ತಿದ್ದ.”

“ನೀವು ತೂಕಡಿಸ್ತಿದ್ರಾ ಅಪ್ಪ?” ಎಂದಳು ಅಮ್ಮ.

“ಅದು ಈಗಿನ ವಿಷಯ ಅಲ್ಲ,” ಎಂದು ಅಜ್ಜ ಗಂಟಲು ಸರಿಮಾಡಿಕೊಂಡರು. “ಅದರ ಕಣ್ಣಿಗೆ ಒಂದು ಸ್ಟಿಕ್ಕರ್ ಅಂಟಿಸಿಬಿಡು.”

“ಛೆ, ಅದು ಮೋಸ. ನಿಜವಾಗ್ಲೂ ತೂಕಡಿಸೋ ಡ್ರೈವರುಗಳೂ ಇದಾರಲ್ಲ. ನಿಯಮ ಮಾಡಿದ್ದು ತಪ್ಪಲ್ಲ. ನನ್ನ ಮುಖ ಅದಕ್ಕೆ ಹೊಂದ್ತಿಲ್ಲ, ಅಷ್ಟೇ.”

ಊಟವಾದ ಮೇಲೆ ಅಮ್ಮ ಕನ್ನಡಿಯ ಮುಂದೆ ನಿಂತು ಕಣ್ಣು ಬಿಟ್ಟುಕೊಂಡು ನಗುವುದನ್ನು ಅಭ್ಯಾಸ ಮಾಡಿದಳು. “ಹ. ಹ. ಹ.” ಹುಬ್ಬು ಹಣೆಯ ಮೇಲಕ್ಕೆ ಹೋಯಿತು. ಕಣ್ಣುಗುಡ್ಡೆ ಇನ್ನೇನು ಕೆಳಗೆ ಬೀಳುವಂತಿತ್ತು.

ಅಜ್ಜ ಎರಡು ಹೆಜ್ಜೆ ಹಿಂದೆ ಸರಿದರು. “ಬೇಡ ಮಗಳೇ. ನಿದ್ದೆ ಮಾಡೋಳು ಅಂತ್ಲೇ ಹೆಸರಾಗ್ಲಿ. ಈ ಮುಖ ನೋಡಿದ್ರೆ ಮಕ್ಕಳು ಕಿಟಕಿಯಿಂದ ಹಾರ್ಕೋತಾರೆ.”

ಮರುದಿನ ವ್ಯಾನಿನಲ್ಲಿ ಚಿನಕುರಳಿ ಎಲ್ಲರಿಗೂ ವಿಷಯ ಹೇಳಿದಳು. ಒಟ್ಟು ಒಂಬತ್ತು ಮಕ್ಕಳು. ಅವರಲ್ಲಿ ಮುಖ್ಯರು ಇಬ್ಬರು. ಒಬ್ಬ ಆರನೇ ಕ್ಲಾಸಿನ ಹುಡುಗ. ಬಾಯಿ ಬಿಟ್ಟರೆ ಪ್ರಶ್ನೆಯೇ ಬರುವುದರಿಂದ ಅವನ ಹೆಸರು ಪ್ರಶ್ನೆಪತ್ರಿಕೆ. ಇನ್ನೊಬ್ಬಳು ಯುಕೆಜಿಯ ಬಟಾಣಿ. ಸೀಟಿನಲ್ಲಿ ಕೂತರೆ ಅವಳ ಕಾಲು ಸೀಟಿನ ಅಂಚಿನವರೆಗೂ ಬರುವುದಿಲ್ಲ.

“ನಾವೇ ಕಾನೂನು ಮಾಡೋಣ,” ಎಂದ ಪ್ರಶ್ನೆಪತ್ರಿಕೆ. “ವ್ಯಾನಲ್ಲಿ ಯಾರೂ ಜೋಕ್ ಹೇಳಬಾರ್ದು. ಸರೀನಾ?”

“ಎಲ್ಲರೂ ಪಾಸ್‌ಪೋರ್ಟ್ ಫೋಟೋಲಿ ಇರೋ ಹಾಗೆ ಮುಖ ಇಟ್ಕೋಬೇಕು,” ಎಂದಳು ಚಿನಕುರಳಿ. “ಮತ್ತೆ ಬಟಾಣಿ ಮಾತೇ ಆಡಬಾರ್ದು.”

“ಉಸಿರಾಡ್ಬಹುದಾ?” ಬಟಾಣಿ ಗಂಭೀರವಾಗಿ ಕೇಳಿದಳು.

ಮುಂದಿನಿಂದ ಅಮ್ಮನ ಭುಜ ಕುಣಿಯಿತು. ಟೀಂ ಟೀಂ ಟೀಂ! ಕಾನೂನು ಜಾರಿಗೆ ಬರುವ ಮೊದಲೇ ಲೆಕ್ಕ ನಾಲ್ಕಾಯಿತು.

ಕಾನೂನಿನಿಂದ ಕಷ್ಟ ಹೆಚ್ಚೇ ಆಯಿತು. ನಗಬಾರದು ಎಂದುಕೊಂಡ ಕೂಡಲೇ ಯಾವುದನ್ನು ನೋಡಿದರೂ ನಗು ಬರತೊಡಗಿತು. ಒಂಬತ್ತು ಮಕ್ಕಳು ತುಟಿ ಕಚ್ಚಿಕೊಂಡು, ಕೆನ್ನೆ ಉಬ್ಬಿಸಿಕೊಂಡು, ಬಲೂನಿನ ಅಂಗಡಿಯ ಹಾಗೆ ಕೂತಿದ್ದರು. ಅಷ್ಟರಲ್ಲಿ ಯಾರಿಗೋ ಬಿಕ್ಕಳಿಕೆ ಬಂತು. “ಹಿಕ್!” ಅಷ್ಟೇ. ಬಲೂನುಗಳೆಲ್ಲ ಒಡೆದವು.

ಬುಧವಾರ ಪ್ರಶ್ನೆಪತ್ರಿಕೆ ಹೊಸ ಉಪಾಯ ಹೂಡಿದ. “ದುಃಖದ ವಿಷಯ ಹೇಳಿದ್ರೆ ಆಂಟಿ ಹೇಗೆ ನಗ್ತಾರೆ? ಒಬ್ಬೊಬ್ಬರೇ ಹೇಳಿ.”

“ನನ್ನ ರಬ್ಬರ್ ಕಳೆದುಹೋಯ್ತು,” ಎಂದಳೊಬ್ಬಳು. ಎಲ್ಲರೂ ಉಸ್ಸೆಂದರು. ಮೆಷಿನ್ನು ಸುಮ್ಮನಿತ್ತು.

“ನಂಗೆ ಗಣಿತದಲ್ಲಿ ನಾಲ್ಕು ಮಾರ್ಕ್ಸು,” ಎಂದ ಮತ್ತೊಬ್ಬ. ಆಗಲೂ ಸುಮ್ಮನಿತ್ತು. ಎಲ್ಲ ಸರಿಹೋಗುವ ಲಕ್ಷಣ ಕಂಡಿತು.

ಬಟಾಣಿ ಮೂಗೆಳೆದುಕೊಂಡು ಶುರುಮಾಡಿದಳು. “ನಮ್ಮಜ್ಜಿ ಹಲ್ಲಿನ ಸೆಟ್ಟು ನಾಯಿ ಕಚ್ಕೊಂಡು ಹೋಯ್ತು. ಈಗ ನಾಯಿ ನಗುತ್ತೆ. ಅಜ್ಜಿ ನಗಲ್ಲ.”

ಟೀಂ ಟೀಂ ಟೀಂ!

ಗುರುವಾರ ಸಂಜೆಗೆ ಲೆಕ್ಕ ಸರಿಯಾಗಿ ಹತ್ತಕ್ಕೆ ಬಂದು ನಿಂತಿತ್ತು. ರಾತ್ರಿ ಊಟಕ್ಕೆ ಕೂತಾಗ ಅಮ್ಮ ಹೆಚ್ಚು ಮಾತಾಡಲಿಲ್ಲ. ಚಿನಕುರಳಿಯೂ ಆಡಲಿಲ್ಲ. ಅಜ್ಜ ಅವಳ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದರು.

ಶುಕ್ರವಾರ ಬೆಳಿಗ್ಗೆ ಸಾರಿಗೆ ಕಚೇರಿಯ ಮೇಡಂ ಬಂದರು. ಇಸ್ತ್ರಿ ಮುರಿಯದ ಬಟ್ಟೆ, ಕೈಯಲ್ಲಿ ಪ್ಯಾಡು, ಪ್ಯಾಡಿನಲ್ಲಿ ಒಂದು ಫಾರಂ. ಮುಂದಿನ ಸೀಟಿನಲ್ಲಿ ಕೂತರು. ತಮ್ಮ ದಪ್ಪ ಬ್ಯಾಗನ್ನು ಅಮ್ಮನ ಸೀಟಿನ ಹಿಂದೆ, ಚಿನಕುರಳಿ ಕೂರುವ ಜಾಗದಲ್ಲಿ ಇಟ್ಟರು. ಹಾಗಾಗಿ ಚಿನಕುರಳಿ ನಡುವಿನ ಸೀಟಿಗೆ ಹೋದಳು. ದಿನವೂ ಅವಳಿಗೆ ಅಮ್ಮನ ಜಡೆ ಮಾತ್ರ ಕಾಣುತ್ತಿತ್ತು. ಇವತ್ತು ಒಳಗಿನ ಕನ್ನಡಿಯಲ್ಲಿ ಅಮ್ಮನ ಮುಖವೇ ಕಂಡಿತು. ಹಣೆಯ ಮೇಲೆ ಬೆವರಿತ್ತು.

ಮಕ್ಕಳು ಒಬ್ಬೊಬ್ಬರಾಗಿ ಹತ್ತಿ ಪಾಸ್‌ಪೋರ್ಟ್ ಫೋಟೋ ಆದರು. ಮೆಷಿನ್ನೂ ಬಾಯಿ ಮುಚ್ಚಿಕೊಂಡಿತ್ತು.

ಕೆಂಪು ಸಿಗ್ನಲಿನಲ್ಲಿ ವ್ಯಾನು ನಿಂತಿತು. ಮೇಡಂ ಕನ್ನಡಕವನ್ನು ನೆತ್ತಿಗೇರಿಸಿ, ಮೆಷಿನ್ನಿನ ನಂಬರ್ ಓದಲೆಂದು ಅದರ ಮುಂದಕ್ಕೇ ಬಗ್ಗಿದರು. ಅಕ್ಷರ ತೀರಾ ಸಣ್ಣದು. ಮೇಡಂ ಕಣ್ಣು ಕಿರಿದು ಮಾಡಿದರು. ಇನ್ನೂ ಕಿರಿದು ಮಾಡಿದರು.

ಟೀಂ ಟೀಂ ಟೀಂ! “ಚಾಲಕರೇ, ನಿಮಗೆ ನಿದ್ದೆ ಬರುತ್ತಿದೆ.”

“ನಾನು ಚಾಲಕಿ ಅಲ್ಲ!” ಎಂದರು ಮೇಡಂ.

“ದಯವಿಟ್ಟು ವಾಹನ ನಿಲ್ಲಿಸಿ. ಮುಖ ತೊಳೆದುಕೊಳ್ಳಿ.”

“ತೊಳ್ಕೊಂಡೇ ಬಂದಿದೀನಿ!”

ಹಿಂದೆ ಉಳಿದ ಮಕ್ಕಳೆಲ್ಲ ತುಟಿ ಕಚ್ಚಿಕೊಂಡರು. ಚಿನಕುರಳಿಗೆ ಮಾತ್ರ ನಗು ಬರಲಿಲ್ಲ. ಅದು ಹನ್ನೊಂದನೆಯದು. ಅವಳು ಎದ್ದು ನಿಲ್ಲಲು ಹೋದಳು. ಬೆಲ್ಟು ಜಗ್ಗಿತು. ಕೂತೇ ಹೇಳಿದಳು.

“ಮೇಡಂ, ಅದಕ್ಕೆ ಏನೂ ಗೊತ್ತಾಗಲ್ಲ. ಅಮ್ಮ ಒಂದು ಸಲಾನೂ ನಿದ್ದೆ ಮಾಡಿಲ್ಲ. ನಕ್ಕಾಗ ಅವಳ ಕಣ್ಣು ಮುಚ್ಕೊಳ್ಳುತ್ತೆ. ಈಗ ನಿಮ್ಮನ್ನೂ ನಿದ್ದೆ ಮಾಡ್ತಿದಾರೆ ಅಂತು. ನೀವು ಮಾಡಿದ್ರಾ?”

ಮೇಡಂ ಅವಳನ್ನೂ ಅಮ್ಮನನ್ನೂ ನೋಡಿದರು. “ಹೌದಾ? ಹಾಗಾದ್ರೆ ಎಲ್ಲಿ, ಒಂದ್ಸಲ ನಗಿ.”

ಕಚೇರಿಯವರು ನಗು ಎಂದರೆ ನಗು ಬರುತ್ತದೆಯೇ? ಗಾಬರಿಯಲ್ಲಿ ಅಮ್ಮ ಕನ್ನಡಿಯ ಮುಂದೆ ಕಲಿತದ್ದನ್ನೇ ಮಾಡಿದಳು. ಹುಬ್ಬು ಮೇಲಕ್ಕೆ, ಕಣ್ಣುಗುಡ್ಡೆ ಹೊರಕ್ಕೆ. “ಹ. ಹ. ಹ.”

ಮೇಡಂ ಬಾಗಿಲಿಗೆ ಅಂಟಿಕೊಂಡರು.

ಆಗ ಹಿಂದಿನಿಂದ ಒಂದು ಪುಟ್ಟ ಕೈ ನೀರಿನ ಬಾಟಲಿ ಚಾಚಿತು. “ಮೇಡಂ, ತಗೊಳ್ಳಿ,” ಎಂದಳು ಬಟಾಣಿ. “ನೀವು ಇನ್ನೂ ಮುಖ ತೊಳ್ಕೊಂಡಿಲ್ಲ.”

ಅಮ್ಮನಿಗೆ ತಡೆಯಲಾಗಲಿಲ್ಲ. ಕೆನ್ನೆ ಏರಿತು, ಭುಜ ಕುಣಿಯಿತು, ಕಣ್ಣು ಕಾಣೆಯಾಯಿತು. ಮೆಷಿನ್ನು ಟೀಂ ಟೀಂ ಎಂದು ಅರಚಿತು. ಅಮ್ಮನ ನಗು ಮೇಡಂಗೂ ಅಂಟಿತು. ಅವರ ನೆತ್ತಿಯ ಮೇಲಿದ್ದ ಕನ್ನಡಕ ಜಾರಿ ಮಡಿಲಿಗೆ ಬಿತ್ತು. ಸಿಗ್ನಲ್ ಹಸಿರಾಗಿ, ಹಿಂದಿನ ಗಾಡಿಗಳವರೆಲ್ಲ ಹಾರನ್ ಬಾರಿಸಿದರು.

ಮುಂದಿನ ಬೀದಿಯಲ್ಲಿ ಮೇಡಂ ಫಾರಂ ತುಂಬಲು ಕೂತರು. “ಇಲ್ಲಿ ನಿದ್ದೆ ಅಂತ ಒಂದು ಚೌಕ ಇದೆ. ಕಾಯಿಲೆ ಅಂತ ಇದೆ. ಫೋನ್ ಅಂತ ಇದೆ. ನಗು ಅಂತ ಇಲ್ಲವೇ ಇಲ್ಲ!”

“ಹಾಗಾದ್ರೆ ನೀವೇ ಬರೀಬಹುದಲ್ವಾ?” ಎಂದ ಪ್ರಶ್ನೆಪತ್ರಿಕೆ.

ಮೇಡಂ ಫಾರಂ ಮಗುಚಿ ನೋಡಿದರು. ಆಮೇಲೆ ಸ್ಕೇಲು ಕೇಳಿ ಪಡೆದು, ಕೊನೆಯಲ್ಲಿ ನೀಟಾಗಿ ಒಂದು ಚೌಕ ಬರೆದು, ಪಕ್ಕದಲ್ಲಿ ‘ನಗು’ ಎಂದು ಬರೆದು, ಟಿಕ್ ಹಾಕಿದರು.

“ಇನ್ಮೇಲೆ ಇದು ಎಷ್ಟು ಸಲ ಕೂಗಿದ್ರೂ ನಿಮ್ಮ ಲೆಕ್ಕಕ್ಕೆ ಬರಲ್ಲ. ನಾನು ಕಚೇರೀಲಿ ಹೇಳ್ತೀನಿ. ನೀವು ಆರಾಮಾಗಿ ನಕ್ಕೊಂಡು ಹೋಗಿ,” ಎಂದು ಕಚೇರಿಯ ತಿರುವಿನಲ್ಲಿ ಇಳಿದುಹೋದರು.

ವ್ಯಾನಿನಲ್ಲಿ ಹಬ್ಬವೋ ಹಬ್ಬ. ಕಾನೂನುಗಳೆಲ್ಲ ರದ್ದಾದವು. ನಾಲ್ಕು ದಿನ ಕಟ್ಟಿಟ್ಟಿದ್ದ ಮಾತು ಒಂದೇ ಸಲ ಹೊರಗೆ ಬಂತು. ಬಟಾಣಿ ಎದೆ ಸೆಟೆಸಿ, ಮೇಡಂ ದನಿಯಲ್ಲಿ, “ತೊಳ್ಕೊಂಡೇ ಬಂದಿದೀನಿ!” ಎಂದಳು.

ಅಮ್ಮ ನಕ್ಕಳು.

ಚಿನಕುರಳಿ ಇನ್ನೂ ನಡುವಿನ ಸೀಟಿನಲ್ಲೇ ಕೂತಿದ್ದಳು. ಕನ್ನಡಿಯಲ್ಲಿ ಅಮ್ಮನ ಕಣ್ಣು ಕಾಣೆಯಾದದ್ದು ಅವಳಿಗೆ ಕಂಡಿತು. ಕಿಟಕಿಯ ಹೊರಗೆ ಹೊಲಿಗೆ ಅಂಗಡಿ ಹಿಂದೆ ಹೋಯಿತು. ಕಣ್ಣು ಮುಚ್ಚಿಯೇ ಇತ್ತು. ಬೀಗ ರಿಪೇರಿ ಅಂಗಡಿ ಹೋಯಿತು. ಇನ್ನೂ ಮುಚ್ಚಿತ್ತು. ಮುಂದೆ ಅಂಚೆ ಡಬ್ಬಿಯ ಹತ್ತಿರ, ಉದ್ದನೆಯ ಏಣಿ ಹೊತ್ತ ಪೇಂಟರೊಬ್ಬ ಒಂದು ಕಾಲನ್ನು ಆಗಲೇ ರಸ್ತೆಗೆ ಇಳಿಸಿದ್ದ.

ಟೀಂ ಟೀಂ ಟೀಂ!

ಕಣ್ಣು ತೆರೆಯಿತು. ಅಮ್ಮ ಬ್ರೇಕ್ ಒತ್ತಿದಳು. ವ್ಯಾನು ಮೆತ್ತಗೆ ನಿಂತಿತು. “ದಾಟಿ ಅಣ್ಣಾ, ದಾಟಿ,” ಎಂದು ಕೈ ಬೀಸಿದಳು. ಪೇಂಟರು ತಲೆಯಾಡಿಸಿ ದಾಟಿಹೋದ. ಮಕ್ಕಳೆಲ್ಲ ಮೆಷಿನ್ನಿಗೆ, “ಮುಖ ತೊಳ್ಕೋ ಹೋಗೋ!” ಎಂದು ಗದರಿಸುವುದರಲ್ಲಿ ಮುಳುಗಿದ್ದರು.

ಚಿನಕುರಳಿ ತಿರುಗಿ ನೋಡಿದಳು. ಹೊಲಿಗೆ ಅಂಗಡಿ ಆಗಲೇ ಬಹಳ ಹಿಂದಿತ್ತು. ಅಲ್ಲಿಂದ ಇಲ್ಲಿಯವರೆಗೆ ವ್ಯಾನಿನಲ್ಲಿ ರಸ್ತೆ ನೋಡುತ್ತಿದ್ದವರು ಅವಳೊಬ್ಬಳೇ.

ಅವಳ ಬಾಯಲ್ಲಿ ಒಂದು ಜೋಕು ಸಿದ್ಧವಾಗಿತ್ತು. ಅಸ್ಥಿಪಂಜರದ್ದೇ ಮುಂದಿನ ಭಾಗ, ಬಹಳ ಚೆನ್ನಾಗಿತ್ತು. ಅವಳು ಅದನ್ನು ಹಾಗೇ ನುಂಗಿಕೊಂಡಳು.

ಶಾಲೆಯ ಗೇಟು ಬಂತು. ಅಮ್ಮ ಕರ್ರ್ ಎಂದು ಹ್ಯಾಂಡ್‌ಬ್ರೇಕ್ ಎಳೆದಳು.

“ಅಮ್ಮಾ, ಆ ಅಸ್ಥಿಪಂಜರಕ್ಕೆ ಈಗ ಟೀಚರ್ ಟೋಪೀನೂ ಯಾರೋ ಹಾಕಿದಾರೆ. ಹೆಡ್‌ಮಾಸ್ಟರು ಬಂದು ಅದಕ್ಕೇ ‘ಗುಡ್ ಮಾರ್ನಿಂಗ್’ ಅಂದ್ರಂತೆ!”

ಅಮ್ಮ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕಳು. ಮೆಷಿನ್ನು ಕೂಗಿದ್ದೇ ಕೂಗಿದ್ದು.

ಸಂಜೆ ವ್ಯಾನ್ ಹೊರಡುವ ಮೊದಲು ಚಿನಕುರಳಿ ಹೊಸ ಆಟ ಶುರುಮಾಡಿದಳು. ಜೋಕಿರಲಿ, ಸುದ್ದಿಯಿರಲಿ, ಹ್ಯಾಂಡ್‌ಬ್ರೇಕಿನ ಕರ್ರ್ ಶಬ್ದ ಕೇಳಿದ ಮೇಲೇ ಹೇಳಬೇಕು.

“ಯಾಕೆ?” ಎಂದ ಪ್ರಶ್ನೆಪತ್ರಿಕೆ.

“ಕಾಯ್ದು ಹೇಳಿದ್ರೆ ಇನ್ನೂ ಮಜಾ ಇರುತ್ತೆ,” ಎಂದಳು.

ಅದೂ ಸುಳ್ಳಾಗಿರಲಿಲ್ಲ. ಒಂದೊಂದು ಮನೆಯ ಮುಂದೆ ಕರ್ರ್ ಎಂದ ಕೂಡಲೇ ಇಳಿಯುವವರು ತಮ್ಮ ಜೋಕು ಹೇಳಿಯೇ ಇಳಿಯುತ್ತಿದ್ದರು. ಬಟಾಣಿಯಂತೂ ತನ್ನ ಮನೆ ಬರುವವರೆಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದಳು.

ಮುಂದಿನ ವಾರ ಒಂದು ದಿನ ಊಟಕ್ಕೆ ಕೂತಾಗ ಅಮ್ಮ ಹೇಳಿದಳು, “ಅಪ್ಪಾ, ಒಂದು ವಿಚಿತ್ರ ಗೊತ್ತಾ? ಆ ಮೆಷಿನ್ನು ಈಗ ರೋಡಲ್ಲಿ ಬಾಯೇ ಬಿಡಲ್ಲ. ನಿಂತಾಗ ಮಾತ್ರ ಕೂಗುತ್ತೆ.”

“ಆ ಮೇಡಂ ಚೆನ್ನಾಗಿ ಬೈದಿರ್ತಾರೆ ಅದಕ್ಕೆ,” ಎಂದರು ಅಜ್ಜ. “ಈಗ ಬುದ್ಧಿ ಬಂದಿದೆ. ಏನೇ ಚಿನಕುರಳಿ?”

“ಹೂಂ, ಬಂದಿದೆ,” ಎಂದಳು ಚಿನಕುರಳಿ. ಹಾಗೆಂದವಳೇ ಬಾಯಿ ತುಂಬ ದೊಡ್ಡ ತುತ್ತು ಹಾಕಿಕೊಂಡಳು.