ಪೈಪಿನ ಮೇಲಿನ ಗುಳ್ಳೆ

ಕಾರಿನ ಎ.ಸಿ. ಗ್ಯಾಸು ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ನಾವು ಪೈಪಿಗೆ ಸೋಪಿನ ನೊರೆ ಹಚ್ಚುತ್ತೇವೆ. ಸೋರುವ ಕಡೆ ಗುಳ್ಳೆ ಉಬ್ಬಿ ಒಡೆಯುತ್ತದೆ.

ದೇವಲಾಪುರದ ಕರಿಯಪ್ಪ ಮೂರನೇ ಸಲ ಗ್ಯಾಸು ತುಂಬಿಸಲು ಪಾಂಡವಪುರದ ನನ್ನ ಶೆಡ್ಡಿಗೆ ಬಂದಿದ್ದ.

"ಅವ್ವನ್ನ ಆಸ್ಪತ್ರೆಗೆ ಕರ್ಕೊಂಡೋಗ್ಬೇಕು ಕಣ್ಲಾ. ಸೆಕೆಗೆ ಉಸ್ರು ಕಟ್ತದೆ," ಎಂದ.

ನೊರೆ ಹಚ್ಚಿದೆ. ಗುಳ್ಳೆ ಉಬ್ಬಿತು, ಆದರೆ ಒಡೆಯದೆ ಮೆಲ್ಲಗೆ ಕುಗ್ಗಿತು. ಮತ್ತೆ ಉಬ್ಬಿತು.

ಗ್ಯಾಸೆಲ್ಲ ತೆಗೆದು, ಪೈಪನ್ನೇ ಬಿಚ್ಚಿ ಬೆಂಚಿನ ಮೇಲಿಟ್ಟೆ. ಎರಡೂ ತುದಿ ತೆರೆದಿದ್ದವು. ಗುಳ್ಳೆ ಮಾತ್ರ ಉಬ್ಬುತ್ತಿತ್ತು, ಕುಗ್ಗುತ್ತಿತ್ತು.

"ಇದ್ಯಾಕ್ಲಾ ಇಂಗಾಡ್ತದೆ?" ಎಂದ ಕರಿಯಪ್ಪ.

ಅದನ್ನು ಹಾಗೇ ಬೆಂಚಿನ ಮೇಲೆ ಬಿಟ್ಟು, ಹೊಸ ಪೈಪು ಹಾಕಿ ಕಳಿಸಿದೆ.

ಡಾಕ್ಟರು ಕೈಬಿಟ್ಟಿದ್ದ ಕರಿಯಪ್ಪನ ಅವ್ವ ಈಗ ಓಡಾಡಿಕೊಂಡಿದ್ದಾಳಂತೆ. ಹಳೆಯ ಪೈಪು ನನ್ನ ಶೆಡ್ಡಿನಲ್ಲೇ ಇದೆ. ಎರಡು ಬೇಸಿಗೆ ಕಳೆದರೂ ನೊರೆ ಒಣಗಿಲ್ಲ; ಗುಳ್ಳೆ ಇನ್ನೂ ಉಸಿರಾಡುವಂತೆ ಉಬ್ಬುತ್ತದೆ, ಕುಗ್ಗುತ್ತದೆ. ಒರೆಸಲು ನನಗೆ ಧೈರ್ಯ ಬಂದಿಲ್ಲ.