ಮಹಡಿಯ ಕೋಣೆಯ ಬೀಗ

ಬಾಗಿಲು ತೆರೆದ ಲಕ್ಷ್ಮೀಪ್ರಿಯಾಳ ಕೈ ಚಿಲಕದ ಮೇಲೆಯೇ ನಿಂತುಬಿಟ್ಟಿತು.

ಗೋಡೆಯ ತೇವ ಪರೀಕ್ಷಿಸಲು ರಿಪೇರಿ ಕಂಪನಿಯವರು ಕಳುಹಿಸಿದ್ದ ಮನುಷ್ಯ... ವಾದೀಶ!

ಏಳು ವರ್ಷಗಳ ಹಿಂದೆ ಮೈಸೂರಿನಿಂದ ಕೊಯಮತ್ತೂರಿಗೆ ಕೆಲಸಕ್ಕೆ ಬಂದು, ಇದೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವನು. ಒಂದು ಶನಿವಾರ ಬೀಗದ ಕೈಯನ್ನು ಅಮ್ಮನಿಗೆ ಕೊಟ್ಟು ತಿರುಪ್ಪೂರಿಗೆ ಹೊರಟುಹೋದವನು.

ಈಗ್ಯಾಕೆ ಬಂದ, ದೇವರೇ...

ಒಳಗೆ ಅಮ್ಮ ವೇದವತಿ ಕೆಮ್ಮುತ್ತಿದ್ದರು. ಮನೆಯ ಬೂಷ್ಟಿನಿಂದಲೇ ಈ ಉಬ್ಬಸ ಎಂದು ಡಾಕ್ಟರ್ ಹೇಳಿದ್ದರು. ವಾದೀಶ ತಲೆ ತಗ್ಗಿಸಿ ಒಳಗೆ ಬಂದು, ಗೋಡೆಗೆ ಮೀಟರ್ ಒತ್ತಿದ. ಕಪ್ಪು ಕಲೆಯ ಫೋಟೊ ತೆಗೆಯಲು ಫೋನ್ ಎತ್ತಿದಾಗ ಅದರ ಪರದೆ ಬೆಳಗಿತು. ಒಬ್ಬಳು ಹೆಂಗಸು, ಅವಳ ತೊಡೆಯ ಮೇಲೆ ಎರಡು ಜುಟ್ಟಿನ ಮಗು.

ಲಕ್ಷ್ಮೀಪ್ರಿಯಾ ಮುಖ ತಿರುಗಿಸಿದಳು. ಎದೆಯಲ್ಲಿ ಇಷ್ಟು ವರ್ಷ ಕೂಡಿಟ್ಟಿದ್ದ ಆಸೆ ಅಲ್ಲಿಗೆ ಮುಗಿಯಿತು.

ಅವನು ಬೀಗದ ಕೈ ಕೇಳಿ ಪಡೆದು ಮೇಲೆ ಹೋಗಿ ಬಂದ. ಬಚ್ಚಲಿನ ಪೈಪು ಸೋರಿ ಸೋರಿ ಕೆಳಗಿನ ಗೋಡೆಗೆ ಇಳಿದಿದೆ ಎಂದ. ಯಾರಾದರೂ ಅಲ್ಲಿ ವಾಸವಿದ್ದಿದ್ದರೆ ಹತ್ತು ದಿನದಲ್ಲಿ ಗೊತ್ತಾಗುತ್ತಿತ್ತು, ಯಾಕೆ ಬಾಡಿಗೆಗೆ ಕೊಡಲಿಲ್ಲ ಎಂದು ಕೇಳಿದ.

ಅವಳು ಏನೆಂದು ಹೇಳಿಯಾಳು? ಬಂದ ಬಾಡಿಗೆದಾರರಿಗೆಲ್ಲ ಏನಾದರೊಂದು ನೆಪ ಹೇಳಿ ಸಾಗಹಾಕಿದವಳು ಅವಳೇ.

ಹಿಂದಿನ ತೇವ ನೋಡಲು ಗೋಡೆಬೀರು ಖಾಲಿ ಮಾಡಬೇಕಾಯಿತು. ಸೀರೆಗಳ ಅಡಿಯಿಂದ ಒಂದು ಕವರ್ ಜಾರಿ ಬಿತ್ತು. ಅವಳು ಬಗ್ಗುವ ಮೊದಲೇ ವಾದೀಶ ಎತ್ತಿಕೊಂಡ. ಅಂದು ತಾನೇ ಅವಳಿಗೆ ಬರೆದುಕೊಟ್ಟಿದ್ದ ಕಾಗದ... ಶಾಯಿಯೆಲ್ಲ ಹರಡಿ, ಮೇಲೆ ಬೂಷ್ಟು ಹತ್ತಿತ್ತು.

"ಬೇಡ ಅಂದಮೇಲೆ ಇದನ್ನ ಯಾಕೆ ಇಟ್ಕೊಂಡ್ರಿ?"

"ನಾನ್ ಯಾವಾಗ ಬೇಡ ಅಂದೆ?"

ಅವನು ಬೆರಗಾಗಿ ನೋಡಿದ.

"ನಂಗೆ ಕನ್ನಡ ಮಾತಾಡಕ್ಕೆ ಮಾತ್ರಂ ತಾನ್ ಬರುತ್ತೆ. ಓದಕ್ಕೆ ಬರಲ್ಲ. ಕನ್ನಡ ಮನೇಲಿ ಮಾತ್ರ, ಸ್ಕೂಲಲ್ಲಿ ಎಲ್ಲಾ ತಮಿಳೇ."

"ಮತ್ತೆ ನಾನು ಕೊಟ್ಟ ಕಾದಂಬರಿಗಳು?"

"ಸುಮ್ನೆ ಚೆನ್ನಾಗಿದೆ ಅಂದೆ. ನಿಮ್ ಮುಂದೆ ಅಸಿಂಗವಾಗುತ್ತೆ, ಮಾನ ಹೋಗುತ್ತೆ ಅಂತ..."

ಹುಚ್ಚು ಹುಡುಗಿ! ಹತ್ತತ್ತು ದಿನ ದಿಂಬಿನ ಪಕ್ಕ ಪುಸ್ತಕ ಇಟ್ಟುಕೊಂಡು, ಒಂದು ಪುಟವೂ ಓದದೆ ಹೊಗಳಿ ಹಿಂದಿರುಗಿಸುತ್ತಿದ್ದಳು. ಕಾಗದ ಬಂದಾಗಲೂ ಅದೇ ಸುಳ್ಳು ಕಾಲಿಗೆ ತೊಡರಿತು. ಅಮ್ಮನಿಗೂ ಕನ್ನಡ ಓದಲು ಬಾರದು. ಬೇರೆಯವರಿಗೆ ತೋರಿಸಲು ನಾಚಿಕೆ. ಫೋನಿನ ಆ್ಯಪ್‌ಗೆ ಅವನು ಕೂಡಿಸಿ ಬರೆದ ಕೈಬರಹ ಅರ್ಥವಾಗಲಿಲ್ಲ.

"ಏನ್ ಬರೆದಿದ್ರಿ? ಈಗಾದ್ರೂ ಹೇಳಿ."

ವಾದೀಶ ಕಾಗದ ನೋಡಲಿಲ್ಲ. ನೋಡಿದರೂ ಅಲ್ಲಿ ಅಕ್ಷರಗಳಿರಲಿಲ್ಲ.

"ನಿಮ್ಮನ್ನ ಮದುವೆಯಾಗೋ ಆಸೆ ಇದೆ, ಒಪ್ಪಿಗೆ ಇದ್ರೆ ಶುಕ್ರವಾರ ಬೆಳಿಗ್ಗೆ ತುಳಸಿಗೆ ನೀರು ಹಾಕೋಕೆ ಎಂದಿನ ಹಾಗೆ ನೀವೇ ತಾರಸಿಗೆ ಬನ್ನಿ, ಬರದಿದ್ರೆ ಮತ್ತೆ ಯಾವತ್ತೂ ಕೇಳೋದಿಲ್ಲ ಅಂತ."

ಲಕ್ಷ್ಮೀಪ್ರಿಯಾ ಗೋಡೆ ಹಿಡಿದು ನಿಂತಳು. ಒದ್ದೆ ಸುಣ್ಣ ಅಂಗೈಗೆ ಮೆತ್ತಿಕೊಂಡಿತು.

ದಿನವೂ ತುಳಸಿಗೆ ನೀರು ಹಾಕುತ್ತಿದ್ದವಳು ಅವಳೇ. ಆ ಒಂದು ಶುಕ್ರವಾರ ಮಾತ್ರ, ಕಾಗದ ಓದಿದಿರಾ ಎಂದು ಅವನು ಕೇಳಿಬಿಟ್ಟಾನೆಂಬ ಭಯಕ್ಕೆ, ಚೊಂಬನ್ನು ಅಮ್ಮನ ಕೈಗೆ ಕೊಟ್ಟು ಕಳುಹಿಸಿದ್ದಳು...

ವಾದೀಶ ರಿಪೋರ್ಟ್ ಬರೆದ. ಪೈಪು ಬದಲಿಸಬೇಕು, ಗಾರೆ ಕೆತ್ತಬೇಕು, ಗೋಡೆ ಒಣಗಲು ಒಂದು ತಿಂಗಳು ಬೇಕು. ಇಷ್ಟನ್ನೂ ತಮಿಳಿನಲ್ಲಿ ಬರೆದು ಅವಳ ಕೈಗಿತ್ತ.

ಗೇಟಿನ ಬಳಿ ತಿರುಗಿ ನಿಂತ.

"ಮೇಲಿನ ಕೋಣೆಗೆ ಇನ್ನು ಬೀಗ ಹಾಕಬೇಡಿ. ಯಾರಿಗಾದ್ರೂ ಕೊಡಿ. ಅಮ್ಮನ ಉಸಿರಿಗೋಸ್ಕರ."

ಅವಳು ತಲೆಯಾಡಿಸಿದಳು. ಮತ್ತೆ ತಡೆಯಲಾಗಲಿಲ್ಲ.

"ಅವತ್ತು ಎಷ್ಟ್ ಹೊತ್ತು ಕಾದ್ರಿ?"

"ನೆತ್ತಿ ಮೇಲೆ ಬಿಸಿಲು ಬರೋವರೆಗೂ."

"ನಾನ್ ಮೆಟ್ಟಿಲ ಕೆಳಗೇ ನಿಂತಿದ್ದೆ."

ಅವನ ಕಣ್ಣು ತುಂಬಿತು.

"ಒಂದು ಸಲ ಕೆಮ್ಮಿದ್ದರೂ ಇಳಿದು ಬರ್ತಿದ್ದೆ, ಪ್ರಿಯಾ."